ಕನ್ನಡ ಜಾಲಪುಟದ ಪರಿವಿಡಿ: ಮುಂಬಯಿಗೆ ಸೇರಿದ ಒಂದು ಅಧ್ಯಾಯ

ಗ್ರಂಥದಲ್ಲಿ ಮುಂದೆ ಏನು ಬರಲಿದೆಯೆಂಬುದನ್ನು ಓದುಗನಿಗೆ ಮೊದಲೇ ತಿಳಿಸುವ ಪದ್ಧತಿ ಕನ್ನಡಕ್ಕೆ ಹೊಸದಲ್ಲ. ಕುಮಾರವ್ಯಾಸಭಾರತ, ಜೈಮಿನಿಭಾರತ ಮೊದಲಾದ ಷಟ್ಪದೀಕಾವ್ಯಗಳಲ್ಲಿ ಸಂಧಿಯ ತಲೆಯಲ್ಲಿ 'ಸೂಚನೆ' ಎಂಬ ಪದ್ಯವೊಂದು ನಿಂತು, ಆ ಸಂಧಿಯ ಕಥಾಭಾಗವನ್ನು ಸಂಗ್ರಹವಾಗಿ ಹೇಳುತ್ತದೆ. ಓಲೆಯ ಕಟ್ಟನ್ನು ಬಿಚ್ಚಿ ಬೇಕಾದ ಭಾಗವನ್ನು ಹುಡುಕುವವನಿಗೆ ಇದೊಂದು ದಾರಿಗುರುತು. ಓಲೆಗರಿಗೆ ಇನ್ನೊಂದು ಕಟ್ಟುಪಾಡೂ ಇತ್ತು. ದಾರವನ್ನು ಪೋಣಿಸುವ ರಂಧ್ರದ ಸುತ್ತ ಲಿಪಿಕಾರನು ಸ್ವಲ್ಪ ಸ್ಥಳವನ್ನು ಬರಿದಾಗಿ ಬಿಡಬೇಕಾಗಿತ್ತು. ಸಾಲು ಅಲ್ಲಿ ತುಂಡಾಗಿ ಆಚೆಗೆ ಮುಂದುವರಿಯುತ್ತಿತ್ತು. ಆದರೆ ಆ ಬರಿದಾದ ಸ್ಥಳವನ್ನು ಯಾರೂ ಕಾವ್ಯದ ಅಂಗವೆಂದು ಭಾವಿಸಲಿಲ್ಲ. ಪ್ರತಿಮಾಡುವ ಮತ್ತೊಬ್ಬ ಲಿಪಿಕಾರನು ತನ್ನ ಗರಿಯ ಅಳತೆಗೆ ತಕ್ಕಂತೆ ಬೇರೆಡೆಯಲ್ಲಿ ಸ್ಥಳವನ್ನು ಬಿಟ್ಟನು. ಪದ್ಯ ಮಾತ್ರ ಪದ್ಯವಾಗಿಯೇ ಉಳಿಯಿತು. ಪಾಠವೇ ಬೇರೆ, ಪಾಠವು ಕುಳಿತಿರುವ ಭಂಗಿಯೇ ಬೇರೆ ಎಂಬ ಈ ವಿವೇಕ ಲಿಪಿಕಾರರಿಗೆ ಸಹಜವಾಗಿತ್ತು.

ಗಣಕದ ತೆರೆಯ ಮೇಲೆ ಮೂಡುವ ಜಾಲಪುಟದ ಚರಿತ್ರೆಯಲ್ಲಿ ಇದೇ ವಿವೇಕ ಒಮ್ಮೆ ಕೈತಪ್ಪಿಹೋಗಿ, ಬಹಳ ಶ್ರಮದಿಂದ ಮರಳಿ ದೊರೆಯಿತು. ಕೈತಪ್ಪಿದ್ದುದರಿಂದ ಇಂಗ್ಲಿಷಿಗೆ ಒದಗಿದ ನಷ್ಟ ಅಲ್ಪ. ಕನ್ನಡಕ್ಕೆ ಒದಗಿದ ನಷ್ಟ ಬಹಳ. ಆ ಕಥೆಯ ಕೆಲವು ಮುಖ್ಯ ಭಾಗಗಳು ನಡೆದುದು ಮುಂಬಯಿಯಲ್ಲಿ, ಅದೂ ಸಾಹಿತ್ಯಗೋಷ್ಠಿಗಳಿಂದ ದೂರವಾದ ಟ್ರಾಂಬೆ, ಜುಹೂ, ಪೊವಾಯಿಗಳಂಥ ಸ್ಥಳಗಳಲ್ಲಿ.

ಮುಂಬಯಿಗೆ ಅಂತರಜಾಲ ಎರಡು ಹಂತಗಳಲ್ಲಿ ಬಂದಿತು. ೧೯೮೦ರ ದಶಕದ ಉತ್ತರಾರ್ಧದಲ್ಲಿ ವಿದ್ಯಾಸಂಸ್ಥೆಗಳಿಗಾಗಿ ಏರ್ಪಟ್ಟ ಎರ್ನೆಟ್ ಎಂಬ ಜಾಲದಲ್ಲಿ ಪೊವಾಯಿಯ ಐ.ಐ.ಟಿ.ಯೂ ಜುಹೂವಿನ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರವೂ ಸೇರಿದ್ದುವು. ಎನ್.ಸಿ.ಎಸ್.ಟಿ. ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಕೇಂದ್ರ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಒಂದು ವಿಭಾಗವಾಗಿದ್ದು ಅನಂತರ ಸ್ವತಂತ್ರವಾದುದು, ಸೆಕೆಂಡಿಗೆ ೯.೬ ಕಿಲೋಬಿಟ್ ವೇಗದ ಎರ್ನೆಟ್ಟಿನ ವಿದೇಶಸಂಪರ್ಕ ಹೊರಟುದು ಇಲ್ಲಿಂದಲೇ. ಎರಡನೆಯ ಹಂತ ಸಾರ್ವಜನಿಕರಿಗೆ ಸಂಬಂಧಿಸಿದುದು. ೧೯೯೫ನೆಯ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮವು ಮುಂಬಯಿಯೂ ಸೇರಿದಂತೆ ಮಹಾನಗರಗಳಲ್ಲಿ ಅಂತರಜಾಲ ಸೇವೆಯನ್ನು ಎಲ್ಲರಿಗೂ ತೆರೆಯಿತು. ದೂರವಾಣಿಯ ತಂತಿಗೆ ಮೋಡೆಮ್ ಎಂಬ ಪೆಟ್ಟಿಗೆಯನ್ನು ಜೋಡಿಸಿ, ಅದು ಕಿರುಗುಟ್ಟಿ ಸಂಪರ್ಕ ದೊರೆಯುವವರೆಗೆ ಕಾಯಬೇಕಾಗಿದ್ದ ಕಾಲವದು.

ಆ ಸೇವೆಯಲ್ಲಿ ದರದ ಭೇದವಿತ್ತು. ಹೆಚ್ಚು ಹಣ ಕೊಡಬಲ್ಲವರಿಗೆ ಚಿತ್ರಸಹಿತವಾದ ಪುಟಗಳು ಕಾಣುತ್ತಿದ್ದುವು. ವಿದ್ಯಾರ್ಥಿಗಳು ಮೊದಲಾದವರು ಪಡೆಯುತ್ತಿದ್ದ ಅಗ್ಗದ 'ಶೆಲ್' ಖಾತೆಯಲ್ಲಾದರೋ ಬರಿಯ ಅಕ್ಷರಗಳು ಮಾತ್ರ. ಲಿಂಕ್ಸ್ ಎಂಬ ಅಕ್ಷರಮಾತ್ರದ ಬ್ರೌಸರಿನಲ್ಲಿ ಪುಟವು ಮೇಲಿನಿಂದ ಕೆಳಕ್ಕೆ ಒಂದೇ ಹರಿವಿನಲ್ಲಿ ಇಳಿಯುತ್ತಿತ್ತು. ಬಣ್ಣವಿಲ್ಲ, ಚೌಕವಿಲ್ಲ, ಎಡಬಲಗಳ ಅಂಕಣಗಳಿಲ್ಲ. ಇದು ಬಡತನವೆಂದು ಆಗ ಎಲ್ಲರಿಗೂ ತೋರಿರಬೇಕು. ಆದರೆ ಪುಟವನ್ನು ಸರಿಯಾದ ಕ್ರಮದಲ್ಲಿ ಬರೆದಿದ್ದರೆ ಶೆಲ್ ಖಾತೆಯವನೂ ಅದನ್ನು ಓದಬಲ್ಲವನಾಗಿದ್ದನು. ಕೇವಲ ನೋಟಕ್ಕಾಗಿ ಜೋಡಿಸಿದ್ದರೆ ಅವನಿಗೆ ದೊರೆಯುತ್ತಿದ್ದುದು ಕಲಸುಮೇಲೋಗರ.

ಇದಕ್ಕೆ ಕಾರಣ ಜಾಲಪುಟದ ರಚನೆಯಲ್ಲಿಯೇ ಇದೆ. ಜಿನೀವಾದ ಸೆರ್ನ್ ಪ್ರಯೋಗಶಾಲೆಯಲ್ಲಿ ಟಿಮ್ ಬರ್ನರ್ಸ್-ಲೀ ೧೯೮೯ರಲ್ಲಿ ಜಾಲದ ಯೋಜನೆಯನ್ನು ಮುಂದಿಟ್ಟು, ಅನಂತರದ ವರ್ಷಗಳಲ್ಲಿ ರೂಪಿಸಿದ ಎಚ್.ಟಿ.ಎಂ.ಎಲ್. ಎಂಬ ಗುರುತುಭಾಷೆ, ಪಾಠದ ಯಾವ ಭಾಗ ತಲೆಬರಹ, ಯಾವುದು ಪರಿಚ್ಛೇದ, ಯಾವುದು ಪಟ್ಟಿ ಎಂಬುದನ್ನು ಮಾತ್ರ ಹೇಳುತ್ತಿತ್ತು. ತಲೆಬರಹ ದಪ್ಪವಾಗಿರಬೇಕೆ, ಕೆಂಪಾಗಿರಬೇಕೆ, ಮೆನು ಎಡಕ್ಕಿರಬೇಕೆ ಎಂಬ ಮಾತು ಅದರ ವ್ಯಾಪ್ತಿಗೆ ಸೇರಿರಲಿಲ್ಲ. ವಿಜ್ಞಾನಿಗಳಿಗೆ ಅಷ್ಟು ಸಾಕಾಗಿತ್ತು. ವರ್ತಕರಿಗೆ, ಪತ್ರಿಕೆಗಳವರಿಗೆ ಸಾಲಲಿಲ್ಲ. ಅವರು ಅಂಕಿಅಂಶಗಳ ಕೋಷ್ಟಕಕ್ಕಾಗಿ ಇದ್ದ ಗುರುತುಗಳನ್ನು ದುಡಿಸಿಕೊಂಡು ಇಡೀ ಪುಟವನ್ನೇ ಒಂದು ಕೋಷ್ಟಕವನ್ನಾಗಿ ಮಾಡಿದರು: ಎಡದ ಮನೆಯಲ್ಲಿ ಮೆನು, ನಡುವಿನ ಮನೆಯಲ್ಲಿ ಲೇಖನ, ಬಲದ ಮನೆಯಲ್ಲಿ ಜಾಹೀರಾತು. ಮನೆಯೊಳಗೆ ಮನೆ, ಅದರೊಳಗೆ ಮತ್ತೊಂದು ಮನೆ. ಮನೆಗಳ ನಡುವೆ ಅಂತರ ಬೇಕಾದಾಗ ಕಣ್ಣಿಗೆ ಕಾಣದ ಪಾರದರ್ಶಕ ಚಿತ್ರವೊಂದನ್ನು ಎಳೆದು ಹಿಗ್ಗಿಸಿ ತುಂಬುವುದು ವಾಡಿಕೆಯಾಯಿತು. ಓಲೆಯ ರಂಧ್ರದ ಸುತ್ತಣ ಬರಿದಾದ ಸ್ಥಳವನ್ನೇ ಕಾವ್ಯದೊಳಗೆ ಬರೆದುಬಿಟ್ಟಂತಾಯಿತು ಇದು.

ಇದಕ್ಕೆ ಪರಿಹಾರವೂ ಅದೇ ಸೆರ್ನಿನಿಂದ ಬಂದಿತು. ೧೯೯೪ರ ಅಕ್ಟೋಬರಿನಲ್ಲಿ ನಾರ್ವೆಯ ಹೋಕನ್ ವಿಯುಮ್ ಲೀ ಎಂಬವರು ಶೈಲಿಪತ್ರಗಳ ಪದ್ಧತಿಯೊಂದನ್ನು ಸೂಚಿಸಿದರು; ನೆದರ್‌ಲೆಂಡ್ಸಿನ ಬರ್ಟ್ ಬೋಸ್ ಅವರೊಡನೆ ಸೇರಿ ಬೆಳೆಸಿದ ಆ ಪದ್ಧತಿ ೧೯೯೬ರ ಡಿಸೆಂಬರ್ ೧೭ರಂದು ಸಿ.ಎಸ್.ಎಸ್. ಎಂಬ ಹೆಸರಿನಿಂದ ಅಧಿಕೃತವಾಗಿ ಪ್ರಕಟವಾಯಿತು. ಪಾಠವು ಒಂದು ಕಡತದಲ್ಲಿ, ಅದರ ರೂಪವನ್ನು ಕುರಿತ ನಿಯಮಗಳು ಇನ್ನೊಂದು ಕಡತದಲ್ಲಿ ಇರತಕ್ಕದ್ದು ಎಂಬುದು ಇದರ ಸಾರ. 'ಮೆನುವಿನ ಪದಗಳೆಲ್ಲವೂ ಈ ಬಣ್ಣದಲ್ಲಿ, ಇಷ್ಟು ಅಂಚಿನೊಡನೆ ಇರಲಿ' ಎಂದು ಒಮ್ಮೆ ಬರೆದರೆ ನೂರು ಪುಟಗಳಿಗೂ ಅದೇ ಅನ್ವಯಿಸುತ್ತದೆ. ಆ ಒಂದು ಸಾಲನ್ನು ತಿದ್ದಿದರೆ ನೂರು ಪುಟಗಳೂ ತಿದ್ದಲ್ಪಡುತ್ತವೆ. ಇನ್ನೊಂದು ಗುಣ ಇದಕ್ಕಿಂತಲೂ ದೊಡ್ಡದು. ರಚಿಸಿದವನ ಶೈಲಿಪತ್ರದ ಜೊತೆಗೆ ಓದುಗನೂ ತನ್ನದೊಂದನ್ನು ಇಡಬಹುದು. ನಿಯಮಗಳು ಒಂದರ ಮೇಲೊಂದು ಜಲಪಾತದಂತೆ ಇಳಿದು, ಪ್ರಾಬಲ್ಯವುಳ್ಳದು ನಿಲ್ಲುತ್ತದೆ. ದೃಷ್ಟಿ ಮಂದವಾದವನು ಅಕ್ಷರವನ್ನು ದೊಡ್ಡದು ಮಾಡಿಕೊಂಡರೆ ಪಾಠಕ್ಕೆ ಧಕ್ಕೆಯಿಲ್ಲ. ಮುದ್ರಿತ ಪುಟ ಓದುಗನಿಗೆ ಎಂದೂ ಕೊಡದಿದ್ದ ಅಧಿಕಾರವಿದು.

ಮೂರನೆಯ ಅಂಗ ಜಾವಾಸ್ಕ್ರಿಪ್ಟ್. ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಎಂಬವರು ೧೯೯೫ರ ಮೇ ತಿಂಗಳಿನಲ್ಲಿ ಹತ್ತು ದಿನಗಳೊಳಗೆ ಇದರ ಮೊದಲ ರೂಪವನ್ನು ಕಟ್ಟಿದರೆಂಬುದು ಪ್ರಸಿದ್ಧವಾದ ಸಂಗತಿ. ಅವಸರದ ಗುರುತುಗಳು ಆ ಭಾಷೆಯಲ್ಲಿ ಇಂದಿಗೂ ಉಳಿದಿವೆ. ಓದುಗನು ಮುಟ್ಟಿದಾಗ ಪುಟ ಏನು ಮಾಡಬೇಕು, ಯಾವ ಮೆನು ತೆರೆಯಬೇಕು, ಯಾವುದು ಮುಚ್ಚಬೇಕು ಎಂಬ ನಡವಳಿಕೆ ಇದರ ಪಾಲಿಗೆ ಬಂದಿತು. ಹೀಗೆ ಪಾಠ, ರೂಪ, ನಡವಳಿಕೆ ಎಂಬ ಮೂರು ಅಂಗಗಳು ಸಿದ್ಧವಾದುವು. ಅವುಗಳನ್ನು ಬೇರೆಬೇರೆಯಾಗಿ ಇಡಬೇಕೆಂಬ ಶಿಸ್ತು ಬರುವುದಕ್ಕೆ ಮಾತ್ರ ಇನ್ನೂ ಹಲವು ವರ್ಷ ಹಿಡಿಯಿತು.

ಸಿ.ಎಸ್.ಎಸ್. ಪ್ರಕಟವಾದ ಆ ೧೯೯೬ನೆಯ ವರ್ಷವೇ ಕನ್ನಡದ ಪಾಲಿಗೂ ಸ್ಮರಣೀಯವಾದುದು. ಅಜಿತ್ ಬಾಲಕೃಷ್ಣನ್ ಅವರ ರೆಡಿಫ್ ತಾಣ ಮುಂಬಯಿಯಲ್ಲಿ ಇಂಗ್ಲಿಷ್ ಓದುಗರಿಗಾಗಿ ತಲೆಯೆತ್ತಿದ ಆ ಕಾಲದಲ್ಲಿಯೇ ಕನ್ನಡದ ಮೊದಲ ಅಂತರಜಾಲ ಪತ್ರಿಕೆಯಾದ 'ವಿಶ್ವಕನ್ನಡ' ಹೊರಬಂದಿತು. ಅದನ್ನು ಕಟ್ಟಿದ ಡಾ. ಯು. ಬಿ. ಪವನಜ ಅವರು ವೃತ್ತಿಯಿಂದ ವಿಜ್ಞಾನಿಗಳು. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ಸುಮಾರು ಹದಿನೈದು ವರ್ಷ ಕೆಲಸ ಮಾಡಿ, ೧೯೯೭ರಲ್ಲಿ ಅದನ್ನು ಬಿಟ್ಟು ಬೆಂಗಳೂರಿಗೆ ಹೋಗಿ ಕನ್ನಡದ ಗಣಕಕಾರ್ಯಕ್ಕೇ ನಿಂತವರು. ಕನ್ನಡದ ಪತ್ರಿಕೋದ್ಯಮ ಮಂಗಳೂರಿನಲ್ಲಿ ಕ್ರೈಸ್ತ ಪಾದ್ರಿಯೊಬ್ಬರ ಕೈಯಲ್ಲಿ, ೧೮೪೩ರಲ್ಲಿ, 'ಮಂಗಳೂರ ಸಮಾಚಾರ'ದಿಂದ ಆರಂಭವಾಯಿತು. ಅದರ ಅಂತರಜಾಲದ ಶಾಖೆ ರಸಾಯನಶಾಸ್ತ್ರ ಬಲ್ಲ ಪರಮಾಣುಕೇಂದ್ರದ ವಿಜ್ಞಾನಿಯೊಬ್ಬರಿಂದ ಆರಂಭವಾದುದು ಅಷ್ಟೇ ಅನಿರೀಕ್ಷಿತ. ವಿದ್ವತ್ಪೀಠಗಳು ಆ ಕೆಲಸಕ್ಕೆ ಮೊದಲಾಗಲಿಲ್ಲ ಎಂಬುದನ್ನು ದಾಖಲಿಸದೆ ಬಿಡುವಂತಿಲ್ಲ.

ಆ ಕಾಲದಲ್ಲಿ ಕನ್ನಡ ಪುಟವನ್ನು ಕಟ್ಟುವವನ ಎದುರಿಗಿದ್ದ ತೊಡಕನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕನ್ನಡಕ್ಕೆ ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿ ೧೯೯೧ರಿಂದಲೇ ಸ್ಥಾನವಿದ್ದಿತಾದರೂ ಮನೆಮನೆಯ ಗಣಕಗಳಿಗೆ ಅದು ತಿಳಿದಿರಲಿಲ್ಲ. ಆಗಿನ ಫಾಂಟುಗಳಲ್ಲಿ ಇನ್ನೂರೈವತ್ತಾರು ಮನೆಗಳು ಮಾತ್ರ. ಅವೆಲ್ಲವೂ ರೋಮನ್ ಲಿಪಿಯ ಅಕ್ಷರಗಳಿಗೆ, ಚಿಹ್ನೆಗಳಿಗೆ ಮೀಸಲು. ಕನ್ನಡದ ಫಾಂಟನ್ನು ರಚಿಸಿದವನು ಆ ಮನೆಗಳಲ್ಲಿ ರೋಮನ್ ಅಕ್ಷರಗಳನ್ನು ಹೊರಹಾಕಿ, ಅವುಗಳ ಜಾಗದಲ್ಲಿ ತಲೆಕಟ್ಟು, ಕೊಂಬು, ಒತ್ತು, ಗುಣಿತದ ತುಣುಕುಗಳನ್ನು ತನಗೆ ತೋಚಿದಂತೆ ಕೂರಿಸುತ್ತಿದ್ದನು. ಒಬ್ಬನ ಕ್ರಮ ಇನ್ನೊಬ್ಬನಿಗಿಲ್ಲ. ಹೀಗಾಗಿ ಕಡತದಲ್ಲಿ ಇದ್ದುದು ಕನ್ನಡವಲ್ಲ, ರೋಮನ್ ಸಂಕೇತಗಳು. ಆ ನಿರ್ದಿಷ್ಟ ಫಾಂಟನ್ನು ಮುಖವಾಡದಂತೆ ತೊಡಿಸಿದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತಿತ್ತು. ಓದುಗನಲ್ಲಿ ಆ ಫಾಂಟು ಇಲ್ಲದಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ಅಕ್ಷರಗಳ ಸಂತೆ. ಇಂಗ್ಲಿಷಿನಲ್ಲಿ ರೂಪವನ್ನು ಕಿತ್ತರೆ ಪಾಠ ಉಳಿಯುತ್ತಿತ್ತು. ಕನ್ನಡದಲ್ಲಿ ರೂಪವನ್ನು ಕಿತ್ತರೆ ಪಾಠವೇ ಇಲ್ಲ.

ಲೇಖನದ ಮಟ್ಟಿಗೆ ಓದುಗನಿಗೆ 'ಮೊದಲು ಫಾಂಟನ್ನು ಇಳಿಸಿಕೊಳ್ಳಿ' ಎಂದು ಹೇಳಬಹುದಾಗಿತ್ತು. ಆದರೆ ಹಾಗೆ ಹೇಳುವ ಮಾತನ್ನೂ ಫಾಂಟಿಲ್ಲದವನು ಓದಬೇಕಲ್ಲ! ಆದಕಾರಣ ಪತ್ರಿಕೆಯ ಹೆಸರು, ಮೆನುವಿನ ಪದಗಳು ಮೊದಲಾದ ದಾರಿತೋರುವ ಭಾಗಗಳನ್ನು ಅಕ್ಷರಗಳಾಗಿ ಇಡದೆ ಚಿತ್ರಗಳಾಗಿ ಬರೆದಿಡುವ ಪದ್ಧತಿ ಭಾರತೀಯ ಭಾಷೆಗಳ ತಾಣಗಳಲ್ಲಿ ಸಾಮಾನ್ಯವಾಯಿತು. ಇದಕ್ಕೆ ತೆರಬೇಕಾಗಿದ್ದ ಬೆಲೆಯನ್ನು ಲೆಕ್ಕಹಾಕಬಹುದು. ಸೆಕೆಂಡಿಗೆ ೯.೬ ಕಿಲೋಬಿಟ್ ಎಂದರೆ ಹೆಚ್ಚೆಂದರೆ ೧,೨೦೦ ಬೈಟುಗಳು. ಮೆನುವಿನ ಒಂದು ಪದದ ಚಿತ್ರ ೩,೬೦೦ ಬೈಟುಗಳಷ್ಟಿದ್ದಿತೆಂದು ಇಟ್ಟುಕೊಂಡರೆ ಅದು ಬರುವುದಕ್ಕೆ ೩ ಸೆಕೆಂಡು. ಎಂಟು ಪದಗಳ ಮೆನುವಿಗೆ ೨೪ ಸೆಕೆಂಡು. ಮೌಸನ್ನು ಮೇಲೆ ತಂದಾಗ ಪದದ ಬಣ್ಣ ಬದಲಾಗುವಂತೆ ಜಾವಾಸ್ಕ್ರಿಪ್ಟಿನಿಂದ ಒಂದು ಚಿತ್ರದ ಜಾಗದಲ್ಲಿ ಇನ್ನೊಂದನ್ನು ಇಡುವ ಚಮತ್ಕಾರ ಆಗ ಬಹಳ ಜನಪ್ರಿಯ. ಅದಕ್ಕೆ ಪ್ರತಿ ಪದಕ್ಕೂ ಎರಡು ಚಿತ್ರ ಬೇಕು, ಎಂದರೆ ೪೮ ಸೆಕೆಂಡು. ದೂರವಾಣಿಯ ಲೆಕ್ಕ ಓಡುತ್ತಿರುವಾಗ ಪರಿವಿಡಿಯೊಂದಕ್ಕೇ ಮುಕ್ಕಾಲು ನಿಮಿಷ! 'ಮುಖಪುಟ' ಎಂಬ ಪದವನ್ನು ಯೂನಿಕೋಡಿನ ಅಕ್ಷರಗಳಾಗಿ ಕಳುಹಿಸಿದರೆ ಅದರ ಭಾರ ೧೮ ಬೈಟು. ಅಂಥ ಎಂಟು ಪದಗಳು ಆ ನಿಧಾನದ ತಂತಿಯಲ್ಲಿಯೂ ಸೆಕೆಂಡಿನ ಎಂಟರಲ್ಲೊಂದು ಭಾಗದಲ್ಲಿ ಬಂದುಬಿಡುತ್ತಿದ್ದುವು.

ನಿಧಾನಕ್ಕಿಂತ ದೊಡ್ಡದಾದ ದೋಷ ಇನ್ನೊಂದಿತ್ತು. ಚಿತ್ರವಾದ ಪದ ಗಣಕಕ್ಕೆ ಪದವೇ ಅಲ್ಲ. ಹುಡುಕುವ ಯಂತ್ರಕ್ಕೆ ಅದು ಸಿಕ್ಕುವುದಿಲ್ಲ. ಅಂಧರಿಗಾಗಿ ತೆರೆಯನ್ನು ಓದಿಹೇಳುವ ತಂತ್ರಾಂಶಕ್ಕೆ ಅದು ಕಾಣುವುದಿಲ್ಲ. ಶೆಲ್ ಖಾತೆಯ ವಿದ್ಯಾರ್ಥಿಗೆ ಅದು ಇಲ್ಲವೇ ಇಲ್ಲ. ಕನ್ನಡದ ಪುಟಕ್ಕೆ ಬಾಗಿಲೇನೋ ಇತ್ತು, ಆದರೆ ಅದು ಗೋಡೆಯ ಮೇಲೆ ಬರೆದ ಬಾಗಿಲು.

ಈ ತೊಡಕು ಬಿಡಿಸಿದುದು ಜಾಲಪುಟವನ್ನು ಕಟ್ಟುವವರ ಕೈಯಿಂದಲ್ಲ, ಲಿಪಿಯನ್ನು ಕುರಿತು ಯೋಚಿಸಿದವರ ಕೈಯಿಂದ. ಅವರಲ್ಲಿ ಇಬ್ಬರು ಮುಂಬಯಿಯವರು ಎನ್ನುವಷ್ಟು ಈ ನಗರದಲ್ಲಿ ದುಡಿದವರು. ಮಂಗಳೂರಿನ ಸಮೀಪದ ಕಿನ್ನಿಕಂಬಳದ ಪದ್ಮನಾಭ ರಾವ್, ಎಂದರೆ ಕೆ. ಪಿ. ರಾವ್, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಟಾಟಾ ಪ್ರೆಸ್ಸಿನಲ್ಲಿಯೂ ಇದ್ದು, ಭಾರತೀಯ ಲಿಪಿಗಳ ಅಕ್ಷರಜೋಡಣೆಯ ಸಮಸ್ಯೆಯನ್ನು ಹತ್ತಿರದಿಂದ ಕಂಡವರು. ಮುಂದೆ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಬೆರಳು ಒತ್ತುವುದು ಧ್ವನಿಯನ್ನು. ಆ ಧ್ವನಿಗೆ ಒತ್ತಕ್ಷರ ಬೇಕೋ ಗುಣಿತ ಬೇಕೋ ಎಂಬ ರೂಪದ ಚಿಂತೆ ಯಂತ್ರಕ್ಕೆ ಬಿಟ್ಟುದು. ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ಅವರು ತಮ್ಮ ತಂತ್ರಾಂಶಕ್ಕೆ ಇಟ್ಟುದು ಔಚಿತ್ಯಪೂರ್ಣವಾಗಿದೆ. ಛಂದಸ್ಸು, ಶಬ್ದಾರ್ಥಗಳಲ್ಲಿ ಮೂಲವನ್ನೂ ವೇಷವನ್ನೂ ಬಿಡಿಸಿ ನೋಡಿದ ವಿದ್ವಾಂಸರು ಅವರು. 'ನುಡಿ' ತಂತ್ರಾಂಶದ ಮೂಲಕ ಕರ್ನಾಟಕದಾದ್ಯಂತ ಹಬ್ಬಿದ ಕೀಲಿಮಣೆಯ ತಳಹದಿ ಇದೇ. ಸಿ.ಎಸ್.ಎಸ್. ಪುಟಕ್ಕೆ ಮಾಡಿದ ವಿಂಗಡಣೆಯನ್ನು ಈ ಕೀಲಿಮಣೆ ಅಕ್ಷರಕ್ಕೆ ಮಾಡಿತೆನ್ನಬಹುದು.

ಎರಡನೆಯವರು ರಘುನಾಥ ಕೃಷ್ಣ ಜೋಶಿ, ಆರ್. ಕೆ. ಜೋಶಿ. ಮರಾಠಿಯ ಕವಿ, ಸುಲೇಖನಕಾರ. ಪೊವಾಯಿಯ ಐ.ಐ.ಟಿ.ಯಲ್ಲಿ ೧೯೬೯ರಲ್ಲಿ ಸ್ಥಾಪಿತವಾದ ಔದ್ಯೋಗಿಕ ವಿನ್ಯಾಸ ಕೇಂದ್ರದಲ್ಲಿ ಪ್ರಾಧ್ಯಾಪಕರಾಗಿದ್ದು, ಆಮೇಲೆ ಜುಹೂವಿನ ಎನ್.ಸಿ.ಎಸ್.ಟಿ.ಯಲ್ಲಿ ಫಾಂಟುಗಳ ರಚನೆಗೆ ಮಾರ್ಗದರ್ಶಕರಾದರು. ಮೈಕ್ರೋಸಾಫ್ಟಿನ ವಿಂಡೋಸ್‌ನೊಡನೆ ಬರುತ್ತಿದ್ದ ಭಾರತೀಯ ಲಿಪಿಗಳ ಫಾಂಟುಗಳು ಅವರ ನೇತೃತ್ವದಲ್ಲಿ ಸಿದ್ಧವಾದುವು: ದೇವನಾಗರಿಗೆ 'ಮಂಗಲ್', ತೆಲುಗಿಗೆ 'ಗೌತಮಿ', ಕನ್ನಡಕ್ಕೆ 'ತುಂಗಾ'. ೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಹೊರಬಂದಾಗ ಕನ್ನಡದ ಓದುಗನು ಏನನ್ನೂ ಇಳಿಸಿಕೊಳ್ಳದೆಯೇ ಗಣಕದಲ್ಲಿ ಕನ್ನಡ ಕಾಣುವ ಕಾಲ ಮೊದಲಾಯಿತು. ತುಂಗಾ ಬಹಳ ಚೆಲುವಾದ ಅಕ್ಷರವೆಂದು ಯಾರೂ ಹೇಳಲಾರರು. ಸಣ್ಣ ಅಳತೆಯಲ್ಲಿ ಅದು ತೆಳ್ಳಗೆ, ಕಣ್ಣಿಗೆ ಶ್ರಮವಾಗುವಂತೆ ತೋರುತ್ತಿತ್ತು. ಆದರೆ ಕಡತದಲ್ಲಿ 'ಕ', ಹಲಂತ, 'ಕ' ಎಂದು ಇದ್ದುದನ್ನು ತೆರೆಯ ಮೇಲೆ 'ಕ್ಕ' ಎಂದು ಕೂಡಿಸಿ ತೋರಿಸುವ ನಿಯಮಗಳು ಅದರೊಳಗಿದ್ದುವು. ಫಾಂಟು ಬದಲಾದರೂ ಪಾಠ ಕೆಡುತ್ತಿರಲಿಲ್ಲ. ಜೋಶಿಯವರು ೨೦೦೮ರಲ್ಲಿ ನಿಧನರಾದರು. ತುಂಗಾದಲ್ಲಿ ನಿತ್ಯ ಓದಿದ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತಿದ್ದಿತೋ!

ಈ ನಡುವೆ ಪುಟದ ವಿನ್ಯಾಸದ ಕ್ಷೇತ್ರದಲ್ಲಿ ಗೊಂದಲ ತಾರಕಕ್ಕೇರಿತ್ತು. ೧೯೯೭ರಲ್ಲಿ ನೆಟ್‌ಸ್ಕೇಪ್, ಇಂಟರ್ನೆಟ್ ಎಕ್ಸ್‌ಪ್ಲೋರರ್ ಎರಡೂ ತಮ್ಮ ನಾಲ್ಕನೆಯ ಆವೃತ್ತಿಗಳನ್ನು ತಂದು, ಮೆನುಗಳು ಜಾರಿ ಬಿಚ್ಚಿಕೊಳ್ಳುವ ಸೌಕರ್ಯವನ್ನು ಪರಸ್ಪರ ಹೊಂದಿಕೆಯಿಲ್ಲದ ಎರಡು ಬಗೆಗಳಲ್ಲಿ ಒದಗಿಸಿದುವು. ಒಂದೇ ಮೆನುವಿಗಾಗಿ ಜಾವಾಸ್ಕ್ರಿಪ್ಟನ್ನು ಎರಡು ಸಲ ಬರೆಯಬೇಕಾಯಿತು. ಫಾಂಟನ್ನು ಪುಟದ ಜೊತೆಗೇ ಕಳುಹಿಸುವ 'ಡೈನಾಮಿಕ್ ಫಾಂಟ್' ಎಂಬ ಉಪಾಯವೂ ಅದೇ ವರ್ಷ ಬಂದುದು. ಅದೂ ಎರಡು ಬ್ರೌಸರುಗಳಿಗೆ ಎರಡು ಬೇರೆ ಬಗೆ. ಭಾರತೀಯ ಭಾಷೆಗಳ ತಾಣಗಳಿಗೆ ಅದರಿಂದ ತಾತ್ಕಾಲಿಕ ಉಪಕಾರವಾಯಿತು. ಆದರೆ ಕಡತದಲ್ಲಿದ್ದುದು ಆಗಲೂ ಮುಖವಾಡ ತೊಟ್ಟ ರೋಮನ್ ಸಂಕೇತವೇ. ಬ್ರೌಸರಿನ ಆವೃತ್ತಿ ಬದಲಾದಂತೆ ಆ ಉಪಾಯ ಕೆಲಸಕ್ಕೆ ಬಾರದೆ ಹೋಯಿತು.

ಮೆನುವಿನ ಸ್ವರೂಪ ನಿಂತು ನೆಲೆಗೊಂಡುದು ೨೦೦೨-೦೩ರ ಸುಮಾರಿಗೆ. ಮೆನು ಎಂಬುದು ವಾಸ್ತವವಾಗಿ ಒಂದು ಪಟ್ಟಿ. ಆದುದರಿಂದ ಅದನ್ನು ಪಟ್ಟಿಯ ಗುರುತಿನಿಂದಲೇ ಬರೆದು, ಅಡ್ಡಲಾಗಿ ನಿಲ್ಲಿಸುವುದನ್ನೂ ಬಣ್ಣ ಕೊಡುವುದನ್ನೂ ಸಿ.ಎಸ್.ಎಸ್.ಗೆ ಬಿಡಬೇಕು ಎಂಬ ಸರಳವಾದ ಮಾತನ್ನು ಆಗ ಕೆಲವರು ಬರೆದು ತೋರಿಸಿದರು. ೨೦೦೩ರ ನವೆಂಬರಿನಲ್ಲಿ ಪ್ಯಾಟ್ರಿಕ್ ಗ್ರಿಫಿತ್ಸ್, ಡ್ಯಾನ್ ವೆಬ್ ಎಂಬಿಬ್ಬರು, ಪಟ್ಟಿಯೊಳಗಣ ಉಪಪಟ್ಟಿಯನ್ನು ಮರೆಮಾಡಿ, ಮೌಸು ಮೇಲೆ ಬಂದಾಗ ಮಾತ್ರ ಅದು ಇಳಿಯುವಂತೆ ಸಿ.ಎಸ್.ಎಸ್.ನಿಂದಲೇ ಮಾಡಿ, ಹಳೆಯ ಎಕ್ಸ್‌ಪ್ಲೋರರಿಗಾಗಿ ಕೆಲವೇ ಸಾಲುಗಳ ಜಾವಾಸ್ಕ್ರಿಪ್ಟನ್ನು ಊರೆಯಾಗಿ ಕೊಟ್ಟರು. ನೂರಾರು ಸಾಲುಗಳ ಯಂತ್ರ ಹೋಗಿ ಹತ್ತಾರು ಸಾಲು ಉಳಿಯಿತು. ಶೈಲಿಯನ್ನೆಲ್ಲ ಕಳಚಿದರೂ ಅಂಥ ಮೆನು ಒಳ್ಳೆಯ ಪರಿವಿಡಿಯಾಗಿ ಓದಿಸಿಕೊಳ್ಳುತ್ತದೆ. ತೆರೆಯನ್ನು ಓದಿಹೇಳುವ ತಂತ್ರಾಂಶ 'ಎಂಟು ಅಂಶಗಳ ಪಟ್ಟಿ' ಎಂದು ಮೊದಲೇ ಹೇಳಿ ಮುಂದುವರಿಯುತ್ತದೆ. ಸಂಧಿಯ ತಲೆಯ ಸೂಚನೆಯಂತೆಯೇ ಇದು.

ಕನ್ನಡದ ಮೆನು ಈಗ ಅಕ್ಷರವಾಗಬಹುದಾಗಿತ್ತು, ಆಯಿತು ಕೂಡ. ಆದರೆ ಸಿ.ಎಸ್.ಎಸ್. ಬರೆಯುವವರು ರೋಮನ್ ಲಿಪಿಯ ಅಳತೆಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದುದರಿಂದ ಹೊಸ ಬಗೆಯ ಹಾನಿಗಳು ತೋರಿದುವು. ರೋಮನ್ ಪದಕ್ಕೆ ಸಾಲಿನ ಕೆಳಗೆ ಬೇಕಾಗುವ ಸ್ಥಳ ಅಲ್ಪ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಪೂರ್ತಿಯಾ­ಗಿ ಇಳಿಯುತ್ತದೆ. ಮೆನುವಿನ ಪಟ್ಟೆಗೆ ಇಪ್ಪತ್ತು ಬಿಂದುಗಳ ಎತ್ತರವನ್ನು ಗೊತ್ತುಮಾಡಿ, ಮೀರಿದುದನ್ನು ಕತ್ತರಿಸತಕ್ಕದ್ದೆಂದು ನಿಯಮ ಬರೆದರೆ ಕತ್ತರಿಗೆ ಸಿಕ್ಕುವುದು ಒತ್ತು. 'ಸಾಹಿತ್ಯ' ಎಂಬುದು 'ಸಾಹಿತ' ಎಂದಾಗುತ್ತದೆ. 'ಮಕ್ಕಳು' 'ಮಕಳು' ಆಗುತ್ತಾರೆ. 'ಹಳ್ಳಿ' ಎಂಬುದು 'ಹಳಿ'ಯಾಗಿ, ಮುಂಬಯಿಯ ಲೋಕಲ್ ಗಾಡಿಯ ಓದುಗನಿಗೆ ಅದು ಸಹಜವೆಂದೇ ತೋರಬಹುದು! ಅಕ್ಷರಗಳ ನಡುವೆ ಅಂತರವನ್ನು ಹೆಚ್ಚಿಸುವ ನಿಯಮ ರೋಮನ್ ದೊಡ್ಡಕ್ಷರಗಳಿಗೆ ಅಂದ. ಕನ್ನಡದಲ್ಲಿ ಹಿಂದಿನ ಕೆಲವು ಬ್ರೌಸರುಗಳು ಅದರಿಂದ ಒತ್ತನ್ನು ಅದರ ಮೂಲಾಕ್ಷರದಿಂದ ದೂರಕ್ಕೆ ಸರಿಸಿಬಿಡುತ್ತಿದ್ದುವು. ಪರಿಚ್ಛೇದದ ಮೊದಲಕ್ಷರವನ್ನು ದೊಡ್ಡದು ಮಾಡುವ ನಿಯಮದ ಗತಿಯೂ ಇದೇ. ಯಂತ್ರ 'ಅಕ್ಷರ'ವೆಂದು ಎಣಿಸುವುದು ಸಂಕೇತವನ್ನು, ಕನ್ನಡಿಗ ಎಣಿಸುವುದು ಉಚ್ಚಾರದ ಘಟಕವನ್ನು. ಛಂದಸ್ಸನ್ನು ಬಲ್ಲವರಿಗೆ ಈ ಭೇದವನ್ನು ವಿವರಿಸಬೇಕಾದುದಿಲ್ಲ.

ಪದಗಳ ಉದ್ದದ ಪ್ರಶ್ನೆಯೂ ಇದೆ. ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ, ಸಮಾಸಪ್ರಿಯವಾದ ಭಾಷೆಯಲ್ಲಿ 'ವಿಷಯಾನುಕ್ರಮಣಿಕೆ', 'ಪ್ರಕಟಣೆಗಳು' ಎಂಬಂಥ ಪದಗಳು, ಇಂಗ್ಲಿಷಿನ ನಾಲ್ಕಕ್ಷರದ ಪದಕ್ಕೆಂದು ಅಳೆದು ಮಾಡಿದ ಚೌಕದಲ್ಲಿ ಹಿಡಿಸುವುದಿಲ್ಲ. ಎಡಕ್ಕೆ ತೇಲಿಸಿ ನಿಲ್ಲಿಸಿದ ಚೌಕಗಳಲ್ಲಿ ಒಂದು ಪದ ಉದ್ದವಾದರೆ ಸಾಲಿನ ಕೊನೆಯ ಚೌಕ ಕೆಳಕ್ಕೆ ಬಿದ್ದು ಪುಟವೇ ಮುರಿಯುತ್ತಿತ್ತು. ಕೆಲವರು ಇದಕ್ಕಾಗಿ ಕನ್ನಡದ ಪದಗಳನ್ನೇ ಮೊಟಕುಮಾಡಿದರು. ಮೆನುವನ್ನು ಇಂಗ್ಲಿಷಿನಲ್ಲಿಯೇ ಉಳಿಸಿ ಲೇಖನವನ್ನು ಮಾತ್ರ ಕನ್ನಡದಲ್ಲಿ ಕೊಟ್ಟವರೂ ಉಂಟು. ಚೌಕಕ್ಕಾಗಿ ಭಾಷೆಯನ್ನು ಕೊಯ್ದುದು ತಪ್ಪೆಂದೇ ಹೇಳಬೇಕು. ಹಿಗ್ಗುವ ಚೌಕವನ್ನು ಮಾಡುವುದು ಆಗಲೂ ಅಸಾಧ್ಯವಾಗಿರಲಿಲ್ಲ, ಶ್ರಮ ಮಾತ್ರ ಬೇಕಾಗಿತ್ತು. ಒಳಗಣ ಪದದ ಅಳತೆಗೆ ತಕ್ಕಂತೆ ಚೌಕವೇ ಹಿಗ್ಗಿ ಕುಗ್ಗುವ ಫ್ಲೆಕ್ಸ್ ಪದ್ಧತಿ ಬಂದಮೇಲೆ, ೨೦೧೭ರಲ್ಲಿ ಮುಖ್ಯ ಬ್ರೌಸರುಗಳೆಲ್ಲ ಗ್ರಿಡ್ ಎಂಬ ನಿಜವಾದ ಅಂಕಣವ್ಯವಸ್ಥೆಯನ್ನು ಸ್ವೀಕರಿಸಿದಮೇಲೆ, ಆ ಶ್ರಮಕ್ಕೂ ಕಾರಣವುಳಿಯಲಿಲ್ಲ.

ಅಷ್ಟರಲ್ಲಿ ಓದುವ ಸ್ಥಳವೇ ಬದಲಾಗಿತ್ತು. ಮೇಜಿನ ಗಣಕದಿಂದ ಓದು ಅಂಗೈಯ ದೂರವಾಣಿಗೆ, ಮನೆಯಿಂದ ವಿರಾರ್, ಕಲ್ಯಾಣಗಳ ಗಾಡಿಗೆ ಬಂದಿತು. ಬೆರಳಿಗೆ ಮೌಸಿನಂತೆ 'ಮೇಲೆ ಸುಳಿಯುವ' ಶಕ್ತಿಯಿಲ್ಲವಾದ್ದರಿಂದ ೨೦೦೩ರ ಆ ಇಳಿಮೆನುಗಳು ಅಲ್ಲಿ ನಿರರ್ಥಕವಾದುವು. ೨೦೧೦ರಲ್ಲಿ ಈಥನ್ ಮಾರ್ಕಾಟ್ ಸೂಚಿಸಿದಂತೆ ಒಂದೇ ಪಾಠವು ತೆರೆಯ ಅಗಲಕ್ಕೆ ತಕ್ಕಂತೆ ಬೇರೆಬೇರೆ ಭಂಗಿಯಲ್ಲಿ ಕೂರುವುದು ರೂಢಿಯಾಯಿತು. ಮೆನು ಮೂರು ಅಡ್ಡಗೆರೆಗಳ ಗುರುತಿನ ಹಿಂದೆ ಅಡಗಿಕೊಂಡಿತು. ಪಾಠವನ್ನು ರೂಪದಿಂದ ಬೇರ್ಪಡಿಸಿ ಇಟ್ಟಿದ್ದ ತಾಣಗಳಿಗೆ ಈ ಬದಲಾವಣೆ ಹೊಸದೊಂದು ಶೈಲಿಪತ್ರದ ಕೆಲಸ. ಕೋಷ್ಟಕಗಳಲ್ಲಿ, ಚಿತ್ರಗಳಲ್ಲಿ ಕಟ್ಟಿದ್ದವರು ಮೊದಲಿನಿಂದ ಕಟ್ಟಬೇಕಾಯಿತು; ಕಟ್ಟಲು ಜನವಿಲ್ಲದ ತಾಣಗಳು ಹಾಗೆಯೇ ನಿಂತುವು.

ಫಾಂಟನ್ನು ಪುಟದೊಡನೆ ಕಳುಹಿಸುವ ಹಳೆಯ ಆಸೆಯೂ ಕೊನೆಗೆ ಸರಿಯಾದ ರೀತಿಯಲ್ಲಿ ಕೈಗೂಡಿತು. ಸಿ.ಎಸ್.ಎಸ್.ನ ೧೯೯೮ರ ಆವೃತ್ತಿಯಲ್ಲಿಯೇ ಇದ್ದು, ಬಳಕೆಗೆ ಬಾರದೆ ಕೈಬಿಟ್ಟುಹೋಗಿದ್ದ ನಿಯಮವನ್ನು ೨೦೦೮ರಿಂದ ಈಚೆಗೆ ಬ್ರೌಸರುಗಳು ಒಂದೊಂದಾಗಿ ಒಪ್ಪಿಕೊಂಡುವು. ಈ ಸಲ ಕಡತದಲ್ಲಿದ್ದುದು ಯೂನಿಕೋಡಿನ ನಿಜವಾದ ಕನ್ನಡ; ಫಾಂಟು ಬಾರದೆ ಹೋದರೂ ಗಣಕದಲ್ಲಿರುವ ಮತ್ತೊಂದು ಫಾಂಟು ಅದನ್ನು ತೋರಿಸಬಲ್ಲುದು. ಮುಂಬಯಿಯ ಅಕ್ಷರಕಾರರ ಪರಂಪರೆ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಈ ನಗರದ 'ಏಕ್ ಟೈಪ್' ಎಂಬ ಅಕ್ಷರಕಾರರ ಬಳಗ 'ಬಲೂ ತಮ್ಮ' ಎಂಬ ದುಂಡನೆಯ ಕನ್ನಡ ಅಕ್ಷರವನ್ನೂ, ೨೦೨೨ರಲ್ಲಿ 'ಅನೇಕ್' ಎಂಬ ಬಹುಲಿಪಿಯ ಕುಟುಂಬವನ್ನೂ ಎಲ್ಲರ ಬಳಕೆಗೆ ಉಚಿತವಾಗಿ ತೆರೆದಿಟ್ಟಿತು. ಅನೇಕ್ ಕನ್ನಡದ ವಿಶೇಷವೆಂದರೆ ಅದರ ದಪ್ಪವನ್ನು ಮಾತ್ರವಲ್ಲದೆ ಅಗಲವನ್ನೂ ಸಿ.ಎಸ್.ಎಸ್.ನ ಒಂದು ಸಾಲಿನಿಂದ ಬೇಕಾದಷ್ಟು ಕುಗ್ಗಿಸಬಹುದು, ಹಿಗ್ಗಿಸಬಹುದು. 'ವಿಷಯಾನುಕ್ರಮಣಿಕೆ'ಯನ್ನು ಮೊಟಕುಮಾಡದೆ ಇಕ್ಕಟ್ಟಾದ ಮೆನುವಿನಲ್ಲಿ ಕೂರಿಸುವುದಕ್ಕೆ ಇಷ್ಟು ಸಾಕು.

ಇನ್ನು ಹಳೆಯ ಪುಟಗಳ ಮಾತು. ೧೯೯೬ರಿಂದ ಸುಮಾರು ಒಂದು ದಶಕ ಕಾಲ ಕನ್ನಡದಲ್ಲಿ ಬರೆದು ಜಾಲಕ್ಕೇರಿಸಿದುದರ ಬಹುಭಾಗ ಆ ಮುಖವಾಡದ ಸಂಕೇತಗಳಲ್ಲಿಯೇ ಇದೆ. ಫಾಂಟು ಯಾವುದೆಂದು ತಿಳಿದಿದ್ದರೆ ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಇವೆ. ಫಾಂಟಿನ ಹೆಸರೇ ಕಳೆದುಹೋದಲ್ಲಿ ತುಣುಕುತುಣುಕನ್ನು ಹೋಲಿಸಿ ಓದಬೇಕು, ಅಪರಿಚಿತ ಶಾಸನವನ್ನು ಓದಿದ ಹಾಗೆ. ಅಂಥ ಪುಟವೊಂದನ್ನು ಇಂದಿನ ಬ್ರೌಸರಿನಲ್ಲಿ ತೆರೆದರೆ ಕಾಣುವ ದೃಶ್ಯ ವಿಚಿತ್ರವಾದುದು. ನಡುವಣ ಅಂಕಣದಲ್ಲಿ ಲೇಖನವಿದ್ದ ಜಾಗದಲ್ಲಿ ಅರ್ಥಹೀನವಾದ ರೋಮನ್ ಅಕ್ಷರಗಳ ಸಾಲುಗಳು. ಎಡದ ಕೋಷ್ಟಕದ ಮನೆಯಲ್ಲಿ, ಚಿತ್ರಗಳಾಗಿ ಬರೆದಿಟ್ಟುದರಿಂದಲೇ ಉಳಿದುಕೊಂಡು, ಸ್ಫುಟವಾದ ಕನ್ನಡದಲ್ಲಿ ಮೆನು: ಕತೆ, ಕವನ, ಲೇಖನ, ಸಂಪರ್ಕ.